ಗೌಜಲ ಗೂಡಿನ ಜಗಳ: ಬೆಳಕಿನ ಪಾಲೆಷ್ಟು, ಬೇಸರದ ಪಾಲೆಷ್ಟು?

ಐದು ವಾರದವರೆಗೆ ಒಂದಕ್ಕೊಂದು ಒತ್ತಿಕೊಂಡು ಮಲಗುತ್ತಿದ್ದ ಮರಿಗಳು ಆರು-ಏಳನೇ ವಾರಕ್ಕೆ ಇದ್ದಕ್ಕಿದ್ದಂತೆ ವೈರಿಗಳಾಗುತ್ತವೆ. ಒಂದು ಗಂಡು ಇನ್ನೊಂದರ ನೆತ್ತಿಯ ಪುಕ್ಕ ಕಚ್ಚಿ ಎಳೆಯುತ್ತದೆ. ಏಟು ತಿಂದದ್ದು ಮೂಲೆ ಸೇರುತ್ತದೆ. ರಕ್ತ ಕಂಡರಂತೂ ಉಳಿದವೂ ಬಂದು ಅಲ್ಲೇ ಕುಕ್ಕುತ್ತವೆ. ಜಪಾನಿ ಗೌಜಲ ಸಾಕಿದವರಿಗೆ ಇದು ಹೊಸದಲ್ಲ. ‘ಈ ಜಾತಿಯೇ ಜಗಳಗಂಟಿ’ ಎಂದು ಕೈಚೆಲ್ಲುವ ಮುನ್ನ ಗೂಡಿನ ಪಕ್ಕದ ಬಲ್ಬನ್ನು ಒಮ್ಮೆ ನೋಡುವುದು ಒಳ್ಳೆಯದು.

ಗೌಜಲದ ಮಿದುಳು ನೇರವಾಗಿಯೇ ಬೆಳಕನ್ನು ಅಳೆಯುತ್ತದೆ. ತೆಳುವಾದ ತಲೆಬುರುಡೆಯನ್ನು ದಾಟಿ ಒಳಗಿಳಿದ ಬೆಳಕನ್ನು ಮಿದುಳಿನ ಆಳದಲ್ಲಿರುವ ಕೋಶಗಳು ಹಿಡಿಯುತ್ತವೆ; ಕಣ್ಣು ಮುಚ್ಚಿದ್ದರೂ ಈ ಲೆಕ್ಕ ತಪ್ಪುವುದಿಲ್ಲ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ತಕಾಶಿ ಯೋಶಿಮುರಾ ಅವರ ತಂಡ 2010ರಲ್ಲಿ ಇದೇ ಹಕ್ಕಿಯ ಮಿದುಳಿನಲ್ಲಿ ಬೆಳಕು ಗ್ರಹಿಸುವ ಆಪ್ಸಿನ್-5 ಎಂಬ ಪ್ರೋಟೀನನ್ನು ಗುರುತಿಸಿತು. ಹಗಲು ಸುಮಾರು 12 ಗಂಟೆ ದಾಟಿತೆಂದರೆ ಮರಿ ಮಾಡುವ ಕಾಲ ಬಂತೆಂದು ಮಿದುಳು ತೀರ್ಮಾನಿಸುತ್ತದೆ. ಗಂಡಿನ ವೃಷಣಗಳು ಹಲವು ಪಟ್ಟು ಹಿಗ್ಗುತ್ತವೆ, ಟೆಸ್ಟೋಸ್ಟೆರಾನ್ ಏರುತ್ತದೆ, ಅದರೊಂದಿಗೆ ಕಾದಾಟವೂ ಏರುತ್ತದೆ.

ಗೋವಾದ ಉಸಗಾಂವದಲ್ಲಿ ಡಿಸೆಂಬರಿನ ಹಗಲು 11 ಗಂಟೆಗಿಂತ ತುಸು ಹೆಚ್ಚು, ಜೂನ್‌ನಲ್ಲಿ ಸುಮಾರು 13 ಗಂಟೆ. ಅಲ್ಲಿನ ಮನೆಯೊಂದರ ಜಗುಲಿಯಲ್ಲಿ ಗೂಡಿಟ್ಟು ರಾತ್ರಿ ಹತ್ತರವರೆಗೆ ಟ್ಯೂಬ್‌ಲೈಟ್ ಉರಿಸಿದರೆ, ಡಿಸೆಂಬರಿನಲ್ಲೂ ಹಕ್ಕಿಗೆ 15 ಗಂಟೆಯ ಹಗಲು! ಮೊಟ್ಟೆ ವ್ಯಾಪಾರದವರು ಬೇಕೆಂದೇ 14ರಿಂದ 16 ಗಂಟೆ ಬೆಳಕು ಕೊಡುತ್ತಾರೆ. ಮುದ್ದಿಗೆ ಸಾಕುವವರಿಗೆ ಅಷ್ಟು ಬೇಡ. ಸಂಜೆಯಾದೊಡನೆ ದೀಪ ಆರಿಸಿ, ಬೀದಿದೀಪದ ಬೆಳಕು ಬೀಳುವ ಬದಿಗೆ ಗಾಳಿಯಾಡುವಂತೆ ಗೋಣಿಚೀಲ ಇಳಿಬಿಟ್ಟರೆ ಕೆಲವು ವಾರಗಳಲ್ಲಿ ಗಂಡುಗಳ ಆರ್ಭಟ ತಗ್ಗುತ್ತದೆ. ಮೊಟ್ಟೆಯೂ ಕಡಿಮೆಯಾಗುತ್ತದೆ ಎಂಬುದು ನೆನಪಿರಲಿ.

ಬೆಳಕಿನ ಜೊತೆಗೆ ತಲೆಲೆಕ್ಕವೂ ಸರಿಯಿರಬೇಕು. ಎದೆ ಇಟ್ಟಿಗೆ ಬಣ್ಣದ್ದಾದರೆ ಗಂಡು, ಎದೆಯ ಮೇಲೆ ಕಪ್ಪು ಚುಕ್ಕೆಗಳಿದ್ದರೆ ಹೆಣ್ಣು. ಒಂದು ಗಂಡಿಗೆ ಮೂರರಿಂದ ಐದು ಹೆಣ್ಣು, ಹಕ್ಕಿಯೊಂದಕ್ಕೆ ಕನಿಷ್ಠ ಒಂದು ಚದರಡಿ ಜಾಗ. ಗಂಡು ಹೆಚ್ಚಾದರೆ ಕೂಡುವಾಗ ಕುತ್ತಿಗೆಯ ಪುಕ್ಕ ಕಚ್ಚಿಸಿಕೊಂಡು ಬೋಳಾಗುವುದು ಹೆಣ್ಣುಗಳೇ.

ಇನ್ನು ಬೇಸರ. ಬಯಲಿನಲ್ಲಿರುವ ಗೌಜಲ ಹಗಲಿನ ಬಹುಪಾಲು ನೆಲ ಕೆದಕುವುದರಲ್ಲೇ ಕಳೆಯುತ್ತದೆ. ಗೂಡಿನಲ್ಲಿ ಬಟ್ಟಲಿನ ಆಹಾರ ಬೇಗ ಮುಗಿಯುತ್ತದೆ, ಕೆಲಸವಿಲ್ಲದ ಕೊಕ್ಕು ಪಕ್ಕದ ಹಕ್ಕಿಯ ಪುಕ್ಕಕ್ಕೆ ಹೋಗುತ್ತದೆ. ಭತ್ತದ ಹೊಟ್ಟು ಹಾಸಿ ಅದರೊಳಗೆ ನವಣೆಯನ್ನೋ ರಾಗಿಯನ್ನೋ ಚೆಲ್ಲಿದರೆ ಗಂಟೆಗಟ್ಟಲೆ ಕೆದಕುತ್ತವೆ. ಸೊಪ್ಪಿನ ಕಟ್ಟನ್ನು ಕೊಕ್ಕಿಗೆಟುಕುವ ಎತ್ತರದಲ್ಲಿ ತೂಗುಹಾಕಬಹುದು. ಆಹಾರದಲ್ಲಿ ಪ್ರೋಟೀನ್ ಕೊರತೆಯಾದರೂ ಪುಕ್ಕ ಕೀಳುವ ಚಟ ಹತ್ತುತ್ತದೆ. ಮೊಟ್ಟೆಯಿಡುವ ಗೌಜಲಕ್ಕೆ ಶೇಕಡಾ 20ರಷ್ಟು ಪ್ರೋಟೀನ್ ಬೇಕು. ಬರೀ ಅಕ್ಕಿನುಚ್ಚಿನಲ್ಲಿ ಅದರ ಅರ್ಧವೂ ಇರುವುದಿಲ್ಲ.

ಅಗಲವಾದ ತಟ್ಟೆಯಲ್ಲಿ ಒಣ ಮರಳಿಟ್ಟು ನೋಡಿ. ಹಕ್ಕಿ ಮೊದಲು ಕೊಕ್ಕಿನಿಂದ ಮರಳನ್ನು ಮೈಯತ್ತ ಎಳೆದುಕೊಳ್ಳುತ್ತದೆ. ಆಮೇಲೆ ಒಂದು ಮಗ್ಗುಲಿಗೆ ಬಿದ್ದು, ಕಾಲಿನಿಂದ ಒದ್ದು, ರೆಕ್ಕೆಯ ಸಂದಿಗೆಲ್ಲ ಮರಳು ತುಂಬಿಕೊಳ್ಳುತ್ತದೆ. ಕೊನೆಗೆ ಎದ್ದು ಒಮ್ಮೆ ಕೊಡವಿದರೆ ಪುಕ್ಕದ ಹಳಸಿದ ಎಣ್ಣೆಯಂಶವೂ ಉದುರಿಹೋಗುತ್ತದೆ. ಈ ಆಸೆ ಎಷ್ಟು ಬಲವಾದದ್ದೆಂದರೆ, ಮರಳಿಲ್ಲದ ತಂತಿ ಜಾಲರಿಯ ಮೇಲೂ ಹಕ್ಕಿ ಬಿದ್ದು ಹೊರಳಾಡುತ್ತದೆ. ಉಸಗಾಂವದಂಥ ಊರಿನ ಮಳೆಗಾಲದಲ್ಲಿ ಮರಳು ಒಣಗಿರುವುದೇ ಕಷ್ಟ. ತಟ್ಟೆ ಎರಚಲು ಬೀಳದ ಕಡೆಯಿರಲಿ, ಒದ್ದೆಯಾದ ಹೊಟ್ಟನ್ನು ಆಗಾಗ ಬದಲಿಸಬೇಕು. ಇಲ್ಲದಿದ್ದರೆ ಜಗಳದ ಜೊತೆ ಕರುಳುರೋಗವೂ ಸೇರಿಕೊಳ್ಳುತ್ತದೆ.

ಏಟು ತಪ್ಪಿಸಿಕೊಂಡು ಓಡುವ ಹಕ್ಕಿಗೆ ಮರೆ ಬೇಕು. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯನ್ನು ಬಾಗಿಸಿ, ಎರಡೂ ತುದಿ ತೆರೆದಿರುವಂತೆ ಅಲ್ಲಲ್ಲಿ ಇಟ್ಟರೆ ಸಾಕು. ಒಂದೇ ಬಾಗಿಲಿನ ಡಬ್ಬಿ ಇಟ್ಟರೆ ಒಳಹೊಕ್ಕ ಹಕ್ಕಿ ಅಲ್ಲೇ ಸಿಕ್ಕಿಬೀಳುತ್ತದೆ. ಬೆದರಿದ ಗೌಜಲ ನೆಟ್ಟಗೆ ಮೇಲಕ್ಕೆ ಚಿಮ್ಮುವುದರಿಂದ ತಲೆಗೆ ಪೆಟ್ಟಾಗದಂತೆ ಚಾವಣಿಯ ಕೆಳಗೆ ಮೆತ್ತನೆಯ ಬಲೆ ಕಟ್ಟಬೇಕು.

ಇಷ್ಟಾದ ಮೇಲೂ ಒಂದು ಗಂಡು ಬಿಡದೆ ಕುಕ್ಕುತ್ತಿದ್ದರೆ? ಗಾಯವಾದ ಹಕ್ಕಿಯನ್ನು ಗುಂಪಿಗೆ ಕಾಣುವಂತೆ ಜಾಲರಿಯ ಆಚೆ ಇರಿಸಿ ಉಪಚರಿಸಬೇಕು. ಕಣ್ಮರೆಯಾಗಿ ಮರಳಿದರೆ ಉಳಿದವು ಅದನ್ನು ಹೊಸಬನೆಂದೇ ಎಣಿಸಿ ಮತ್ತೆ ಮೇಲೆ ಬೀಳುತ್ತವೆ. ಕೆಲವು ದಿನ ಪೂರ್ತಿ ದೂರವಿಡಬೇಕಾದದ್ದು ಕುಕ್ಕುವ ಗಂಡನ್ನು. ಮರಳಿ ಬಂದಾಗ ಹೊಸಬನ ಅಳುಕು ಅದರ ಪಾಲಿಗಿರಲಿ.