ನಮ್ಮ ಚರ್ಮದ ಅಣುಜೀವಿಗಳನ್ನು ಗುರುತಿಸುವ ಬಗೆ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಂದ ದೊಡ್ಡ ಶಸ್ತ್ರಚಿಕಿತ್ಸೆಗೆಂದು ಕಲಬುರಗಿಗೆ ಹೋಗುವ ರೋಗಿಗಳ ಸಂಗಡ ಮನೆಯ ಸ್ತ್ರೀಯರೂ ಹೋಗಿ ಶುಶ್ರೂಷೆಗೆ ನಿಲ್ಲುವರು. ಒಂದು ರೋಗಕ್ಕಾಗಿ ಆಸ್ಪತ್ರೆಯನ್ನು ಸೇರಿದವರಿಗೆ ಅಲ್ಲಿಯೇ ಮತ್ತೊಂದು ತಗಲುವುದುಂಟು. ಹೊಲಿದ ಗಾಯವು ಕೀವುಗಟ್ಟುವುದು. ರಕ್ತನಾಳಕ್ಕೆ ಇಳಿಸಿದ ನಳಿಗೆಯಿಂದ ಸೋಂಕು ತಗಲಿ ಜ್ವರವೇರುವುದು. ಇದಕ್ಕೆ ಕಾರಣವಾದ ಅಣುಜೀವಿಗಳು ಅನೇಕ ವೇಳೆ ರೋಗಿಯ, ವೈದ್ಯರ, ನೋಡಲು ಬಂದ ನಂಟರ ಚರ್ಮದ ಮೇಲೆಯೇ ವಾಸಿಸುವಂಥವು.

ಸ್ಕಾಟ್ಲೆಂಡಿನ ಶಸ್ತ್ರವೈದ್ಯರಾದ ಆಗ್‌ಸ್ಟನ್ನರು ಕೀವಿನಲ್ಲಿ ದ್ರಾಕ್ಷಿಯ ಗೊಂಚಲಿನಂತೆ ಕೂಡಿದ ದುಂಡು ಜೀವಿಗಳನ್ನು ಕಂಡು, 1882ರಲ್ಲಿ ಅವುಗಳಿಗೆ ಸ್ಟೆಫಿಲೊಕಾಕಸ್ ಎಂದು ಹೆಸರಿಟ್ಟರು. 1884ರಲ್ಲಿ ಜರ್ಮನಿಯ ರೋಸನ್‌ಬಾಕರು ಇವುಗಳಲ್ಲಿ ಹೊಂಬಣ್ಣದವನ್ನೂ ಬಿಳಿಯವನ್ನೂ ಬೇರ್ಪಡಿಸಿದರು. ಹೊಂಬಣ್ಣದ ಔರಿಯಸ್ ಸುಮಾರು ಮೂವರಲ್ಲಿ ಒಬ್ಬರ ಮೂಗಿನೊಳಗೆ ಉಪದ್ರವವಿಲ್ಲದೆ ಇರುವುದು. ಬಿಳಿಯ ಎಪಿಡರ್ಮಿಡಿಸ್ ಎಲ್ಲರ ಚರ್ಮದಲ್ಲಿಯೂ ಉಂಟು. ಮೊದಲನೆಯದು ಗಾಯವನ್ನು ಹೊಕ್ಕರೆ ಉಗ್ರವು. ಎರಡನೆಯದು ಸೌಮ್ಯವಾದರೂ ನಳಿಗೆಗಳಿಗೆ ಲೋಳೆಯಂತೆ ಅಂಟಿಕೊಂಡು ಔಷಧಕ್ಕೆ ಸುಲಭವಾಗಿ ಸಿಕ್ಕದು.

ಇವುಗಳನ್ನು ಬೇರೆಬೇರೆಯಾಗಿ ತಿಳಿಯುವುದು ಹೇಗೆ? ಪ್ರಯೋಗಶಾಲೆಯಲ್ಲಿ ಕೀವನ್ನಾಗಲಿ ರಕ್ತವನ್ನಾಗಲಿ ಪೋಷಕದ್ರವ್ಯದಲ್ಲಿಟ್ಟು ಅಣುಜೀವಿಗಳನ್ನು ಬೆಳೆಯಿಸುವರು. ಗ್ರಾಮ್ ಎಂಬವರ ಕ್ರಮದಂತೆ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೇರಿಳೆ ಬಣ್ಣದ ಗೊಂಚಲುಗಳು ಕಾಣುವವು. ಅವುಗಳ ಮೇಲೆ ಹೈಡ್ರೋಜನ್ ಪೆರಾಕ್ಸೈಡಿನ ಹನಿಯನ್ನು ಬಿಟ್ಟರೆ ನೊರೆಯೇಳುವುದು. ಸರಪಣಿಯಂತೆ ಬೆಳೆಯುವ ಸ್ಟ್ರೆಪ್ಟೊಕಾಕಸ್ಸಿನಲ್ಲಿ ಏಳದು. ಬಳಿಕ ರಕ್ತದ ತಿಳಿದ್ರವವಾದ ಪ್ಲಾಸ್ಮಾದಲ್ಲಿ ಬೆರೆಸಿ ಶರೀರದಷ್ಟು ಬೆಚ್ಚಗಿನ ಸ್ಥಳದಲ್ಲಿಟ್ಟರೆ, ಔರಿಯಸ್ ಇದ್ದಲ್ಲಿ ಅದು ಮೊಸರಿನಂತೆ ಹೆಪ್ಪುಗಟ್ಟುವುದು. ಎಪಿಡರ್ಮಿಡಿಸ್ ಹಾಗೆ ಮಾಡದು. ಕೊನೆಗೆ ಯಾವ ಔಷಧಕ್ಕೆ ಮಣಿಯುವುದೆಂದು ಪರೀಕ್ಷಿಸುವರು. ಏಕೆಂದರೆ ಮೆಥಿಸಿಲಿನ್ ಎಂಬ ಔಷಧಕ್ಕೆ ಜಗ್ಗದ ಔರಿಯಸ್ 1961ರಲ್ಲಿಯೇ ಇಂಗ್ಲೆಂಡಿನಲ್ಲಿ ಗೋಚರಿಸಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ರಕ್ತವನ್ನು ತೆಗೆಯುವಾಗ ಚರ್ಮದ ಬಿಳಿಯ ಜೀವಿಯು ಸೂಜಿಯೊಡನೆ ಸೀಸೆಗೆ ಸೇರಿಬಿಡಬಹುದು. ಅದನ್ನೇ ರೋಗವೆಂದು ಭ್ರಮಿಸಿದರೆ ರೋಗಿಗೆ ವೃಥಾ ಔಷಧ. ನಿಜವಾದ ಸೋಂಕನ್ನು ಮಲಿನವೆಂದು ತಳ್ಳಿದರೆ ಪ್ರಾಣಕ್ಕೇ ಅಪಾಯ. ಆದುದರಿಂದ ಎರಡು ಕಡೆಯಿಂದ ರಕ್ತವನ್ನು ತೆಗೆಯುವರು. ಒಂದರಲ್ಲಿ ಮಾತ್ರ ಬೆಳೆದರೆ ಪ್ರಾಯಶಃ ಚರ್ಮದ್ದು. ಎರಡರಲ್ಲಿಯೂ ಅದೇ ಬೆಳೆದರೆ ಸೋಂಕೆಂದು ಬಲವಾಗಿ ಶಂಕಿಸಿ, ರೋಗಿಯ ಲಕ್ಷಣಗಳೊಡನೆ ಹೋಲಿಸಿ ನಿರ್ಣಯಿಸುವರು. ಎರಡನೆಯ ಸಲ ಸೂಜಿ ಚುಚ್ಚಿದಾಗ ಮನೆಯವರು ಬೇಸರಪಡದಿರಲಿ.

ಪ್ರಯೋಗಶಾಲೆಯ ಕೆಲಸವು ಪರಿಣತರದು; ಕೈ ತೊಳೆಯುವ ಕೆಲಸವು ನಮ್ಮೆಲ್ಲರದು. ರೋಗಿಯನ್ನು ಮುಟ್ಟುವ ಮೊದಲೂ ಮುಟ್ಟಿದ ಮೇಲೂ ಸಾಬೂನಿನಿಂದ 40ರಿಂದ 60 ಸೆಕೆಂಡುಗಳ ಕಾಲ ಕೈ ತೊಳೆಯತಕ್ಕದ್ದು. ಗಾಯದ ಪಟ್ಟಿಯನ್ನೂ ನಳಿಗೆಯನ್ನೂ ನಾವು ಮುಟ್ಟಬಾರದು. ಆಸ್ಪತ್ರೆಗೆ ಹೋಗುವ ತಾಯಂದಿರು ಬುತ್ತಿಯೊಡನೆ ಒಂದು ಸಾಬೂನನ್ನೂ ಕಟ್ಟಿಕೊಳ್ಳಲಿ.