ಕಾರ್ಲೈಲನ ನಿಶ್ಶಬ್ದ ಕೋಣೆ

ತನ್ನ ಕೋಳಿ ಕೂಗಿದರೇ ಬೆಳಗಾಗುವುದೆಂದು ನಂಬಿದ್ದ ಮುದುಕಿಯ ಕಥೆ ಎಲ್ಲರಿಗೂ ತಿಳಿದದ್ದೇ. ನೆರೆಮನೆಯ ಕೋಳಿ ಕೂಗಿದರೆ ತನ್ನ ಬಾಳೇ ಕತ್ತಲಾಯಿತೆಂದು ಪರಿತಪಿಸಿದ ಮೇಧಾವಿಯೊಬ್ಬನೂ ಇದ್ದ. ಆತನೇ ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಸಾಹಿತಿ ಥಾಮಸ್ ಕಾರ್ಲೈಲ್. ಮೌನದ ಮಹಿಮೆಯನ್ನು ಪುಟಗಟ್ಟಲೆ ಮಾತಿನಲ್ಲಿ ಕೊಂಡಾಡಿದ ಈತನಿಗೆ ತನ್ನ ಮನೆಯಲ್ಲಿ ಮಾತ್ರ ಅದು ದಕ್ಕಲಿಲ್ಲ.

1834ರಲ್ಲಿ ಪತ್ನಿ ಜೇನ್‌ಳೊಡನೆ ಆತ ಚೆಲ್ಸಿಯ ಬಾಡಿಗೆಯ ಮನೆಯೊಂದಕ್ಕೆ ಬಂದ. ಮರುವರ್ಷವೇ, ‘ಫ್ರೆಂಚ್ ಕ್ರಾಂತಿ’ಯ ಮೊದಲ ಸಂಪುಟದ ಏಕಮಾತ್ರ ಹಸ್ತಪ್ರತಿ ಗೆಳೆಯ ಜಾನ್ ಸ್ಟೂವರ್ಟ್ ಮಿಲ್‌ನ ವಶದಲ್ಲಿದ್ದಾಗ ಬೆಂಕಿಗೆ ಆಹುತಿಯಾಯಿತು. ಕಾರ್ಲೈಲ್ ಗೆಳೆಯನನ್ನೇ ಸಂತೈಸಿ, ಇಡೀ ಸಂಪುಟವನ್ನು ಹೊಸದಾಗಿ ಬರೆದ! ಅಂಥವನ ಎದೆಗಾರಿಕೆಯೂ ಪಕ್ಕದ ಮನೆಯ ಪಿಯಾನೊ, ಬೀದಿಯ ವಾದ್ಯಗಾರ, ಹಿತ್ತಿಲಿನ ಹುಂಜ—ಇವುಗಳ ಮುಂದೆ ಕರಗಿ ನೀರಾಗುತ್ತಿತ್ತು. ಸದ್ದು ಜೋರಾಗಿರಬೇಕೆಂದೇನೂ ಇಲ್ಲ. ಮತ್ತೊಮ್ಮೆ ಬರುವುದೆಂದು ಕಾದು ಕುಳಿತ ಕಿವಿಗೆ ಬಾರದ ಸದ್ದೂ ಹಿಂಸೆಯೇ.

1853ರಲ್ಲಿ, ಪ್ರಷ್ಯದ ದೊರೆ ಫ್ರೆಡರಿಕ್‌ನ ಚರಿತ್ರೆಯನ್ನು ಬರೆಯಲೆಂದು, ಮನೆಯ ನೆತ್ತಿಯ ಮೇಲೆ ಸದ್ದು ನುಸುಳದ ಕೋಣೆಯೊಂದನ್ನು ಕಟ್ಟಿಸಲು ಹೊರಟ. ಒಂದರೊಳಗೊಂದು ಎರಡು ಗೋಡೆ, ನಡುವೆ ಪೊಳ್ಳು. ಬೆಳಕಿಗೆ ಚಾವಣಿಯಲ್ಲಿ ಗಾಜಿನ ಬೆಳಕಿಂಡಿ. ಕೆಲಸ ನಡೆದಷ್ಟು ಕಾಲ ಮನೆಯೆಲ್ಲ ಧೂಳು, ಸುತ್ತಿಗೆಯ ಪೆಟ್ಟು. ಕೂಲಿಯವನೊಬ್ಬ ಕಾಲುಜಾರಿ ಚಾವಣಿಯನ್ನು ಸೀಳಿಕೊಂಡು ಕೆಳಗೆ ಬಿದ್ದಾಗ ಜೇನ್ ಕೂದಲೆಳೆಯಲ್ಲಿ ಪಾರಾದಳು.

ಇಷ್ಟಾಗಿಯೂ ಕೋಣೆ ಗೆಲ್ಲಲಿಲ್ಲ. ಗಾಳಿ ಸುಳಿಯುವ ಕಡೆ ಸದ್ದೂ ಸುಳಿಯುತ್ತದೆ; ಗೋಡೆ ಇಮ್ಮಡಿಯಾದರೇನು, ಮೇಲಿನ ಗಾಜು ಅದನ್ನು ತಡೆದೀತೆ? ಅದಲ್ಲದೆ, ಬಳಿಯ ಗದ್ದಲ ತಗ್ಗಿದೊಡನೆ, ಅದುವರೆಗೆ ಅದರಡಿ ಮುಚ್ಚಿಹೋಗಿದ್ದ ದೂರದ ಸದ್ದುಗಳು ತಲೆಯೆತ್ತಿದವು. ಥೇಮ್ಸ್ ನದಿಯ ಹಡಗಿನ ಕೂಗು, ರೈಲಿನ ಸಿಳ್ಳು, ಇಗರ್ಜಿಯ ಗಂಟೆ ಎಲ್ಲವೂ ಮಾಳಿಗೆಯನ್ನೇರಿ ಬಂದವು.

ಹುಂಜಗಳನ್ನು ಗೆದ್ದವಳು ಜೇನ್. ಆ ವರ್ಷದ ಕೊನೆಗೆ ದಂಪತಿಗಳು ಹ್ಯಾಂಪ್‌ಷೈರಿನಲ್ಲಿ ಸ್ನೇಹಿತರ ಅತಿಥಿಗಳಾಗಿದ್ದರು. ಕೋಳಿಗಳ ವ್ಯವಹಾರವನ್ನು ತೀರಿಸಲೆಂದೇ ಆಕೆಯೊಬ್ಬಳೇ ಲಂಡನ್ನಿಗೆ ಹಿಂದಿರುಗಿದಳು. ನೆರೆಯವರಿಗೆ ಹಣ ತೆತ್ತು ಕರಾರು ಮಾಡಿಸಿಕೊಂಡಳು. ವಾಸ್ತುಶಿಲ್ಪಕ್ಕೆ ಸಾಧ್ಯವಾಗದ್ದು ಸಂಧಾನಕ್ಕೆ ಸಾಧ್ಯವಾಯಿತು. ಪಾಪ, ಆಕೆಗೂ ನಿದ್ರೆ ಅಪರೂಪವೇ. ಆದರೆ ಆಕೆಗಾಗಿ ಯಾರೂ ಕೋಣೆ ಕಟ್ಟಿಸಲಿಲ್ಲ.

ಫ್ರೆಡರಿಕ್‌ನ ಚರಿತ್ರೆ ಆರು ಸಂಪುಟಗಳಾಗಿ 1865ರಲ್ಲಿ ಮುಗಿಯಿತು. 1866ರ ಏಪ್ರಿಲ್‌ನಲ್ಲಿ ಜೇನ್ ತೀರಿಕೊಂಡಳು. ಆಕೆಯ ಪತ್ರಗಳನ್ನು ಕಾರ್ಲೈಲ್ ಒಟ್ಟುಗೂಡಿಸಿ, ಪಶ್ಚಾತ್ತಾಪದಿಂದ ಟಿಪ್ಪಣಿಗಳನ್ನು ಬರೆದ. ಕೋಳಿ, ಧೂಳು, ಕೂಲಿಯವರ ಕಥೆಯೆಲ್ಲ ಆ ಪತ್ರಗಳಲ್ಲಿತ್ತು. ಆತ 1881ರಲ್ಲಿ ಅದೇ ಮನೆಯಲ್ಲಿ ಮೃತನಾದ; ಪತ್ರಗಳು ಅಚ್ಚಾದದ್ದು 1883ರಲ್ಲಿ.