ಕೊಡುವ ಕೈಯ ಚೆಲುವು



ಮೈಗೆ ಚೆಲುವು ಬರುವುದು ಒಡವೆಯಿಂದಲ್ಲ, ಒಳಗಿನ ಗುಣದಿಂದ ಎಂದು ನಾವು ಆಗಾಗ ಹೇಳುವುದುಂಟು. ಇದನ್ನು ಪ್ರಾಚೀನ ಗ್ರೀಸ್ ದೇಶದ ಜನರೂ ತಮ್ಮದೇ ರೀತಿಯಲ್ಲಿ ಕಂಡುಕೊಂಡಿದ್ದರು. ಅವರ ಪುರಾಣಗಳಲ್ಲಿ ಖಾರಿತೆಸ್ ಎಂಬ ದೇವಿಯರಿದ್ದಾರೆ. ಹೆಸಿಯಾಡ್ ಕವಿಯ ಪ್ರಕಾರ ಅವರು ದೇವರಾಜನಾದ ಜ್ಯೂಸನ ಮೂವರು ಪುತ್ರಿಯರು. ಅಗ್ಲೈಯ ಎಂದರೆ ಕಾಂತಿ, ಯೂಫ್ರೊಸಿನಿ ಎಂದರೆ ಉಲ್ಲಾಸ, ಥಾಲಿಯ ಎಂದರೆ ಅರಳಿದ ಸಮೃದ್ಧಿ. ಆರ್ಕೊಮೆನಸ್ ಎಂಬ ಊರಿನಲ್ಲಿ, ಆಕಾಶದಿಂದ ಬಿದ್ದವೆಂದು ನಂಬಿದ ಕಲ್ಲುಗಳನ್ನೇ ಈ ದೇವಿಯರೆಂದು ಪೂಜಿಸುತ್ತಿದ್ದರು.

ಈ ಹೆಸರಿನ ಮೂಲವಾದ 'ಖಾರಿಸ್' ಎಂಬ ಮಾತು ಬಲು ದೊಡ್ಡದು. ಚೆಲುವಿಗೂ ಅದೇ ಮಾತು, ಕೃಪೆಗೂ ಅದೇ, ಮಾಡಿದ ಉಪಕಾರಕ್ಕೂ ಅದೇ, ಉಪಕಾರ ಸ್ಮರಣೆಗೂ ಅದೇ. ನಮ್ಮ 'ಪ್ರಸಾದ' ಎಂಬ ಮಾತಿನಲ್ಲಿ ಪ್ರಸನ್ನತೆಯೂ ಕೃಪೆಯೂ ಒಂದಾಗಿರುವಂತೆಯೇ ಇದು.

ಈ ಮೂವರು ಕೈ ಕೈ ಹಿಡಿದು ವರ್ತುಲವಾಗಿ ನಲಿಯುವುದೇಕೆ? ಒಂದನೆಯ ಶತಮಾನದ ರೋಮಿನ ತತ್ತ್ವಜ್ಞಾನಿ ಸೆನೆಕ, ಜನರು ಹೇಳುತ್ತಿದ್ದ ಅರ್ಥವನ್ನು ತನ್ನ ಗ್ರಂಥದಲ್ಲಿ ತಿಳಿಸಿದ್ದಾನೆ. ಒಬ್ಬಳು ಕೊಡುವವಳು, ಒಬ್ಬಳು ಪಡೆಯುವವಳು, ಒಬ್ಬಳು ಹಿಂದಿರುಗಿಸುವವಳು. ಉಪಕಾರವು ಕೈಯಿಂದ ಕೈಗೆ ಸಾಗಿ ಕೊಟ್ಟವನಿಗೇ ಬಂದು ಸೇರುತ್ತದೆ. ನಡುವೆ ಎಲ್ಲಿ ಕೈ ಬಿಟ್ಟರೂ ಚೆಲುವು ಕೆಡುತ್ತದೆ. ಅವರ ಮುಖ ನಗುಮುಖ, ಏಕೆಂದರೆ ಕೊಡುವವರ ಮುಖ ಹಾಗಿರಬೇಕು.

ಇಷ್ಟಲಿಂಗವನ್ನು ಅರ್ಚಿಸುವ ನಾವು ಈ ದೇವಿಯರನ್ನು ಪೂಜಿಸಬೇಕಾಗಿಲ್ಲ. ಆದರೆ ಅವರನ್ನು ಕನ್ನಡಿಯಂತೆ ಮುಂದಿಟ್ಟುಕೊಂಡು ನಮ್ಮ ಮುಖವನ್ನು ನೋಡಿಕೊಳ್ಳಬಹುದು. ಬಡ ನಂಟನಿಗೆ ಎರಡು ಸೇರು ಜೋಳ ಕೊಟ್ಟು ನಾಲ್ಕು ಊರಿಗೆ ಸಾರುತ್ತೇವೆ. ಆ ಜೋಳದ ರೊಟ್ಟಿ ಅವನ ಗಂಟಲಿನಲ್ಲಿ ಇಳಿಯುವುದೆಂತು? ನಾವು ಅವನ ಹಸಿವನ್ನು ಕಳೆದೆವು, ಮಾನವನ್ನೂ ಕಳೆದೆವು!

ಪಡೆಯುವುದಕ್ಕೂ ಒಂದು ಶೀಲವುಂಟು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿದ್ದ ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ನೀವೆಲ್ಲ ಬಲ್ಲಿರಿ. ಪತಿ ಮಾರಯ್ಯನವರು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ ಆ ತಾಯಿ ಒಪ್ಪಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರು. ಆ ಬಡತನದಲ್ಲಿಯೂ ಅವರ ಮನೆಯಲ್ಲಿ ಜಂಗಮ ದಾಸೋಹ ನಿಲ್ಲಲಿಲ್ಲ. ಕಾಂತಿ, ಉಲ್ಲಾಸ, ಸಮೃದ್ಧಿ ಮೂರೂ ಆ ಗುಡಿಸಲಿನಲ್ಲಿದ್ದವು.

ಇಲ್ಲಿ ನಮ್ಮ ಶರಣರು ಒಂದು ಹೆಜ್ಜೆ ಮುಂದೆ ಹೋದರು. ಗ್ರೀಕರ ವರ್ತುಲದಲ್ಲಿ ಕೊಡುವವರೇ ಮೊದಲು. ದಾಸೋಹದಲ್ಲಿ ಅಂಥ ಮೊದಲಿಗನೇ ಇಲ್ಲ. ನೆಲ ಶಿವನದು, ಮಳೆ ಶಿವನದು, ದುಡಿಯುವ ತೋಳೂ ಶಿವನದು. ಅಂದಮೇಲೆ ನಾವು ಕೊಡುವುದೆಲ್ಲ ಪಡೆದುದನ್ನು ಹಿಂದಿರುಗಿಸುವುದೇ ಆಯಿತು. ಸಾಲ ತೀರಿಸುವವನಿಗೆ ಕೊಟ್ಟೆನೆಂಬ ಹಮ್ಮು ಎಲ್ಲಿಯದು? ಈ ಅರಿವಿನಿಂದ ನೀಡುವ ಕೈ ತಾನಾಗಿಯೇ ಚೆಲುವಾಗುತ್ತದೆ. ಇಂಥ ಕೈ ನಮ್ಮೆಲ್ಲರದಾಗಲಿ ಎಂದು ಹಾರೈಸುತ್ತೇವೆ.